ಹಿಂದಿನ ಪ್ರಯತ್ನಗಳು

ಬಸ್ ನಿಲ್ದಾಣದಲ್ಲಿ ಅವನನ್ನು ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ಡ್ರೈವರುಗಳಿಂದ ಹಿಡಿದು ಕಸ ಗುಡಿಸುವ ಹೆಂಗಸಿನವರೆಗೆ ಎಲ್ಲರ ಬಾಯಲ್ಲೂ ಅವನು 'ದಯವಿಟ್ಟು'. ಹದಿನಾಲ್ಕು ವರ್ಷದಿಂದ ಗಾಜಿನ ಗೂಡಿನಲ್ಲಿ ಮೈಕಿನ ಮುಂದೆ ಕೂತು ದಿನಕ್ಕೆ ಇನ್ನೂರು ಸಲ 'ಪ್ರಯಾಣಿಕರು ದಯವಿಟ್ಟು ಗಮನಿಸಬೇಕು' ಎಂದು ಹೇಳುತ್ತಾ ಬಂದವನಿಗೆ ಬೇರೆ ಯಾವ ಹೆಸರು ತಾನೇ ಅಂಟೀತು? "ದಯವಿಟ್ಟು ಬಂದನೇನ್ರೋ?" "ದಯವಿಟ್ಟು, ಟೀಗೆ ಬರ್ತೀಯೇನೋ?" ಎಂದು ಕೂಗಿದರೆ ಹೊಸಬರು ತಬ್ಬಿಬ್ಬಾಗುತ್ತಿದ್ದರು. ಅವನಿಗೆ ಮಾತ್ರ ಒಳಗೊಳಗೇ ಖುಷಿ.

ಖುಷಿಪಡುವಂಥ ದನಿಯೇ ಅದು, ಸುಳ್ಳು ಯಾಕೆ ಹೇಳಬೇಕು. ಬಸ್ಸು ಎರಡು ಗಂಟೆ ತಡ ಎಂದು ಅವನು ಹೇಳಿದರೆ ಜನ ಬೈಯುವುದು ಬಿಟ್ಟು, ಪಾಪ, ಬಸ್ಸಿಗೆ ಏನಾಯಿತೋ ಎಂದು ಮರುಗುತ್ತಿದ್ದರು. ಕಿಂಡಿಯ ಮುಂದೆ ನಿಂತು ಒಂದೇ ಪ್ರಶ್ನೆಯನ್ನು ನಾಲ್ಕು ಸಲ ಕೇಳುವ ಮುದುಕರಿಗೆ ನಾಲ್ಕನೇ ಸಲವೂ ಮೊದಲ ಸಲದಷ್ಟೇ ಮೆತ್ತಗಿನ ಉತ್ತರ. ತಾಳ್ಮೆ ಅಂದರೆ ಅವನನ್ನು ನೋಡಿ ಕಲೀರಿ ಎಂದು ಸಾಹೇಬರು ಟಿಕೆಟ್ ಕೌಂಟರಿನವರಿಗೆ ಬುದ್ಧಿ ಹೇಳುತ್ತಿದ್ದರು. ಆ ತಾಳ್ಮೆ ಸಂಜೆ ಐದೂವರೆಗೆ, ಮೈಕಿನ ಗುಂಡಿ ಬಿಟ್ಟು ಏಳುವ ಹೊತ್ತಿಗೆ, ಒಂದು ಹನಿಯೂ ಉಳಿಯದೆ ಖರ್ಚಾಗಿ ಹೋಗಿರುತ್ತಿತ್ತು. ಇದು ಗೊತ್ತಿದ್ದದ್ದು ಅವನ ಏಳು ವರ್ಷದ ಮಗಳಿಗೆ ಮಾತ್ರ.

ಹೆಂಡತಿಗೆ ಔಷಧಿ ಅಂಗಡಿಯಲ್ಲಿ ಕೆಲಸ, ಮನೆಗೆ ಬರುವಾಗ ಎಂಟು ಗಂಟೆ. ಅಲ್ಲಿಯವರೆಗೆ ಪುಟ್ಟಿ ಅಪ್ಪನ ಪಾಲು. ಹಾಲು ಕಾಯಿಸಿ ಕೊಡುವುದು, ಜಡೆ ಬಿಚ್ಚುವುದು, ಪಾಠ ನೋಡುವುದು ಎಲ್ಲ ಅವನೇ. ಎರಡನೇ ಕ್ಲಾಸಿಗೆ ಕಾಲಿಡುವವರೆಗೂ ಅಪ್ಪ ಮಗಳದು ತುಂಬ ಒಳ್ಳೆಯ ಜೋಡಿಯೇ ಆಗಿತ್ತು.

ಈ ವರ್ಷ ಶಾಲೆಯವರು ಓದಿಸುವ ಆ್ಯಪ್ ಒಂದನ್ನು ತಂದರು. ಮೊಬೈಲಿನಲ್ಲಿ ದಿನಕ್ಕೊಂದು ಪುಟ ತೆರೆದುಕೊಳ್ಳುತ್ತದೆ, ಮೇಲೆ ಚಿತ್ರ, ಕೆಳಗೆ ನಾಲ್ಕು ಸಾಲು. ಮಗು ಕೆಂಪು ಗುಂಡಿ ಒತ್ತಿ ಗಟ್ಟಿಯಾಗಿ ಓದಬೇಕು. ಆ್ಯಪ್ ಕೇಳಿಸಿಕೊಂಡು ಒಂದೋ ಎರಡೋ ಮೂರೋ ನಕ್ಷತ್ರ ಕೊಡುತ್ತದೆ. ಸರಿಬರಲಿಲ್ಲ ಅನಿಸಿದರೆ ಕಸದ ಬುಟ್ಟಿಯ ಚಿತ್ರ ಒತ್ತಿ ಮತ್ತೆ ಓದಬಹುದು. 'ಕಳಿಸು' ಎಂದು ಒತ್ತಿದರೆ ಮಿಸ್ಸಿಗೆ ಹೋಗುತ್ತದೆ. ಇಷ್ಟಕ್ಕೇ ನಿಂತಿದ್ದರೆ ಯಾರಿಗೂ ತೊಂದರೆಯಿರಲಿಲ್ಲ. ಆದರೆ ಶನಿವಾರ ಶನಿವಾರ ಯಾವ ಮಗುವಿಗೆ ಎಷ್ಟು ನಕ್ಷತ್ರ ಎಂಬ ಪಟ್ಟಿ ಅಪ್ಪ ಅಮ್ಮಂದಿರ ಗ್ರೂಪಿಗೆ ಬಂದು ಬೀಳುತ್ತಿತ್ತು.

ಮೊದಲ ಶನಿವಾರದ ಪಟ್ಟಿಯಲ್ಲಿ ಪುಟ್ಟಿ ಕಟ್ಟಕಡೆಗೆ ಇದ್ದಳು. ಮೇಲುಗಡೆ ಇದ್ದದ್ದು ಅದೇ ನಿಲ್ದಾಣದ ಕಂಡಕ್ಟರನ ಮಗ. ಕಂಡಕ್ಟರ್ ಸುಮ್ಮನಿರುವ ಜಾತಿಯವನಲ್ಲ. ಟೀ ಅಂಗಡಿಯ ಮುಂದೆ ಎಲ್ಲರಿಗೂ ಕೇಳುವ ಹಾಗೆ, "ಏನ್ ದಯವಿಟ್ಟು, ಊರಿಗೆಲ್ಲಾ ಗಮನಿಸಿ ಗಮನಿಸಿ ಅಂತೀಯ, ಮಗಳ ಕಡೆ ಸ್ವಲ್ಪ ಗಮನ ಕೊಡೋದಲ್ವಾ?" ಎಂದ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಇವನೂ ನಕ್ಕ. ನಕ್ಕವನು ಅರ್ಧ ಲೋಟ ಟೀ ಹಾಗೇ ಬಿಟ್ಟು ಎದ್ದ.

ಅವತ್ತು ಸಂಜೆಯಿಂದ ಶುರುವಾಯಿತು. ಪುಟ್ಟಿ ಬಿಡಿ ಅಕ್ಷರಗಳನ್ನು ಸರಾಗವಾಗಿ ಓದುತ್ತಿದ್ದಳು, ಒತ್ತಕ್ಷರ ಬಂದ ಕಡೆ ಮುಗ್ಗರಿಸುತ್ತಿದ್ದಳು. ಮುಗ್ಗರಿಸಿದಾಗೆಲ್ಲ ಅವನು ಕಸದ ಬುಟ್ಟಿ ಒತ್ತುತ್ತಿದ್ದ. "ಅಳಿಸ್ದೆ. ಮೊದಲಿಂದ ಓದು." ಎರಡನೇ ಸಲ, ನಾಲ್ಕನೇ ಸಲ, ಎಂಟನೇ ಸಲ. ಮೂರು ನಕ್ಷತ್ರ ಬೀಳದೆ 'ಕಳಿಸು' ಒತ್ತುವ ಮಾತೇ ಇಲ್ಲ. ಮೊದಲ ವಾರ ಬರೀ 'ಮೊದಲಿಂದ' ಎನ್ನುತ್ತಿದ್ದವನು ಎರಡನೇ ವಾರ ಅದಕ್ಕೆ ಒಂದೆರಡು ಮಾತು ಸೇರಿಸಿದ, ಮೂರನೇ ವಾರ ಇನ್ನೊಂದೆರಡು. ಕೈ ಮಾತ್ರ ಎತ್ತಲಿಲ್ಲ. ಮಗಳ ಮೈಮೇಲೆ ಒಂದು ದಿನವೂ ಕೈಮಾಡಿದವನಲ್ಲ ತಾನು ಎಂಬ ಜಂಬ ಅವನಿಗೆ ಮೊದಲಿನಿಂದಲೂ ಇತ್ತು, ಈಗಲೂ ಅದನ್ನೇ ಹಿಡಿದುಕೊಂಡಿದ್ದ.

ಯಾರಾದರೂ ಕೇಳಿಸಿಕೊಂಡಾರು ಎಂಬ ಯೋಚನೆ ಅವನ ತಲೆಯ ಹತ್ತಿರಕ್ಕೂ ಸುಳಿಯಲಿಲ್ಲ. ಸುಳಿಯುವುದಾದರೂ ಹೇಗೆ? ಅವನ ಕಸುಬಿನಲ್ಲಿ ಗುಂಡಿ ಒತ್ತಿದ್ದರೆ ಇಡೀ ನಿಲ್ದಾಣಕ್ಕೆ ಕೇಳುತ್ತದೆ, ಬಿಟ್ಟರೆ ಗೋಡೆಗೂ ಕೇಳುವುದಿಲ್ಲ. ಗುಂಡಿ ಬಿಟ್ಟ ಮೇಲೆ ಪ್ರಯಾಣಿಕರನ್ನೂ ಡ್ರೈವರುಗಳನ್ನೂ ಸಾಹೇಬರನ್ನೂ ಎಷ್ಟು ಸಲ ಉಗಿದಿದ್ದಾನೋ ಲೆಕ್ಕವಿಲ್ಲ, ಹದಿನಾಲ್ಕು ವರ್ಷದಲ್ಲಿ ಒಂದಕ್ಷರ ಹೊರಗೆ ಹೋಗಿಲ್ಲ. ಬೇರೆಯವರು ಇಂಥ ಆ್ಯಪುಗಳನ್ನು ಅನುಮಾನದಿಂದ ನೋಡುತ್ತಾರೆ. ಇವನು ಮೈಕಿನ ಮನುಷ್ಯ, ಗುಂಡಿಯನ್ನು ನಂಬಿಯೇ ಅನ್ನ ತಿಂದವನು. ಕಸದ ಬುಟ್ಟಿ ಒತ್ತಿದರೆ ಕಸ ಹೋಯಿತು, ಅಷ್ಟೇ.

ಐದನೇ ಶನಿವಾರ ಪುಟ್ಟಿ ಪಟ್ಟಿಯ ತಲೆಗೆ ಬಂದಳು. ಕಂಡಕ್ಟರ್ ಆ ದಿನ ಟೀ ಅಂಗಡಿಯ ಕಡೆ ತಲೆಹಾಕಲಿಲ್ಲ. ನಮ್ಮ ದಯವಿಟ್ಟುವಿಗೆ ತಲೆಯ ಮೇಲೆ ಎರಡು ಕೊಂಬು ಮೂಡಿದವು. ಎಲ್ಲರಿಗೂ ಅವನೇ ಟೀ ಕೊಡಿಸಿದ.

ಎಂಟನೇ ವಾರದ ಗುರುವಾರ ಮಿಸ್ ಫೋನು ಮಾಡಿದರು. "ನಾಳೆ ಮಧ್ಯಾಹ್ನ ಸ್ವಲ್ಪ ಬಿಡುವು ಮಾಡ್ಕೊಂಡು ಬರ್ತೀರಾ ಸರ್? ಪುಟ್ಟಿ ಓದೋದರ ಬಗ್ಗೆ ಮಾತಾಡ್ಬೇಕಿತ್ತು."

ಮಾತಾಡುವುದು ಇನ್ನೇನಿರುತ್ತದೆ? ಬಹುಮಾನವೇ ಇರಬೇಕು ಎಂದು ಅವನು ತೀರ್ಮಾನಿಸಿದ. ಬೆಳಿಗ್ಗೆ ಬಿಳಿ ಅಂಗಿಗೆ ಇಸ್ತ್ರಿ ಹಾಕಿದ. ಕನ್ನಡಿಯ ಮುಂದೆ ನಿಂತು, 'ನಮ್ಮದೇನಿದೆ ಮಿಸ್, ಎಲ್ಲಾ ನೀವು ಕಲಿಸಿದ್ದು' ಎಂಬ ಮಾತನ್ನು ಎರಡು ಮೂರು ರೀತಿಯಲ್ಲಿ ಹೇಳಿ ನೋಡಿಕೊಂಡ. ಊಟದ ಬಿಡುವಿಗೆ ಹೊರಟಾಗ ಕಂಡಕ್ಟರನಿಗೂ ಹೇಳಿಯೇ ಹೊರಟ, ಸುಮ್ಮನೆ ಹೋಗಬಹುದಾಗಿತ್ತು.

ಮಕ್ಕಳು ಹೊರಗೆ ಆಡುತ್ತಿದ್ದರು. ಖಾಲಿ ಕ್ಲಾಸಿನಲ್ಲಿ ಮಿಸ್ ಒಬ್ಬರೇ ಇದ್ದರು, ಇನ್ನೂ ಚಿಕ್ಕ ವಯಸ್ಸಿನವರು. ದೊಡ್ಡವರಿಗೆ ಕುರ್ಚಿ ಇಲ್ಲದ ಕೋಣೆ ಅದು. ಎರಡನೇ ಕ್ಲಾಸಿನವರ ಕುರ್ಚಿಯಲ್ಲಿ ಅವನು ಕೂತಾಗ ಮೊಣಕಾಲು ಎದೆಗೆ ಬಂತು. ಮಿಸ್ ಎದುರಿಗೆ ಇನ್ನೊಂದು ಪುಟ್ಟ ಕುರ್ಚಿಯಲ್ಲಿ ಕೂತು, ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು, ಮತ್ತೆ ತೆಗೆದರು.

"ಪುಟ್ಟಿ ಒಂದು ತಿಂಗಳಿಂದ ಕ್ಲಾಸಲ್ಲಿ ಬಾಯೇ ಬಿಡ್ತಿಲ್ಲ ಸರ್. ಓದು ಅಂದ್ರೆ ಪುಸ್ತಕದ ಮೇಲೆ ಬೆರಳಿಟ್ಕೊಂಡು ನಿಂತಿರ್ತಾಳೆ. ಮನೇಲಿ ನೋಡಿದ್ರೆ ದಿನಾ ಮೂರು ನಕ್ಷತ್ರ."

"ಅವಳು ಸ್ವಲ್ಪ ಸಂಕೋಚದ ಹುಡುಗಿ ಮಿಸ್. ಅವಳ ಅಮ್ಮನ ಥರ."

"ಇರಬಹುದು ಅಂತ ನಾನೂ ಅಂದ್ಕೊಂಡೆ. ಆದ್ರೆ ಮಂಗಳವಾರ ಇನ್ನೊಂದಾಯ್ತು." ಮಂಗಳವಾರಗಳಂದು ಎರಡನೇ ಕ್ಲಾಸಿನ ಮಕ್ಕಳು ಒಂದನೇ ಕ್ಲಾಸಿನವರ ಪಕ್ಕ ಕೂತು ಅವರನ್ನು ಓದಿಸುತ್ತಾರಂತೆ. ಪುಟ್ಟಿಗೆ ಸಿಕ್ಕಿದ್ದು ಮುಂದಿನ ಹಲ್ಲು ಬಿದ್ದ ಒಂದು ಪುಟಾಣಿ ಹುಡುಗಿ. ಐದು ನಿಮಿಷಕ್ಕೆ ಆ ಮಗು ಬಿಕ್ಕಿ ಬಿಕ್ಕಿ ಅಳುತ್ತಾ ಮಿಸ್ಸಿನ ಹತ್ತಿರ ಓಡಿಬಂತು. "ಪುಟ್ಟಿ ಹೊಡೆದಿಲ್ಲ ಸರ್. ಆದ್ರೆ ಅವಳು ಅಂದಿರೋ ಮಾತು... ಏಳು ವರ್ಷದ ಮಗುಗೆ ಆ ಮಾತು ಎಲ್ಲಿಂದ ಬರಬೇಕು? ಯಾಕಮ್ಮಾ ಹಾಗಂದೆ ಅಂತ ಕೇಳಿದ್ರೆ, 'ಓದಿಸೋದು ಹಾಗೇ ಅಲ್ವಾ ಮಿಸ್' ಅಂತಾಳೆ."

"ಈಗಿನ ಮಕ್ಕಳು ಮೊಬೈಲಲ್ಲಿ ಏನೇನೋ ನೋಡ್ತವೆ ಮಿಸ್," ಎಂದು ಅವನು ತನ್ನ ಮೈಕಿನ ದನಿಯಲ್ಲಿ ಶುರುಮಾಡಿದ. "ಮನೆಯಲ್ಲಿ ನಾವು ಎಷ್ಟೇ ಕಣ್ಣಲ್ಲಿ ಕಣ್ಣಿಟ್ಟು..."

ಮಿಸ್ ತಮ್ಮ ಟ್ಯಾಬನ್ನು ಅವನ ಕಡೆ ತಿರುಗಿಸಿದರು. ಪುಟ್ಟಿಯ ಫೋಟೋ, ಅದರ ಕೆಳಗೆ ತಾರೀಖು, ಮೂರು ನಕ್ಷತ್ರ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ 'ಹಿಂದಿನ ಪ್ರಯತ್ನಗಳು: 11' ಎಂದಿತ್ತು.

"ಅಳಿಸಿದ್ದೂ ನಮ್ಮ ಕಡೆ ಉಳಿದಿರುತ್ತೆ ಸರ್. ಮಗು ಎಲ್ಲೆಲ್ಲಿ ಎಡವುತ್ತೆ ಅಂತ ತಿಳ್ಕೊಳ್ಳೋಕೆ ಇಟ್ಟಿರೋದು. ಒಂದು ಸಲ ಕೇಳಿ. ನಾನು ಆಚೆ ಇರ್ತೀನಿ." ಇಯರ್‌ಫೋನನ್ನು ಅವನ ಅಂಗೈಗೆ ಹಾಕಿ, ಅವನ ಮುಖ ನೋಡದೆ ಎದ್ದು ಹೋದರು.

ಅವನು ಅದನ್ನು ಕಿವಿಗೆ ಹಾಕಿಕೊಂಡ.

ಬೆಕ್ಕು ಹಗ್ಗದ ಮೇಲೆ ನಡೆಯುವ ಪುಟ ಅದು, ಅವನಿಗೆ ನೆನಪಿತ್ತು. ಮೊದಲು ಪುಟ್ಟಿಯ ದನಿ ಬಂತು. "ಬೆಕ್ಕು... ಹ... ಹಗ..." ತಕ್ಷಣ ಒಬ್ಬ ಗಂಡಸು, "ಏನೇ ಅದು? ಕಣ್ಣು ಎಲ್ಲಿಟ್ಟಿದೀಯ?" ಎಂದ. ಹದಿನಾಲ್ಕು ವರ್ಷ ತನ್ನ ದನಿಯನ್ನು ತಾನೇ ಧ್ವನಿವರ್ಧಕದಲ್ಲಿ ಕೇಳಿದವನಿಗೆ ಇದು ಯಾರ ದನಿ ಎಂದು ಒಂದು ಕ್ಷಣ ತಿಳಿಯಲಿಲ್ಲ. ತಿಳಿದ ಮೇಲೆ ಕಿವಿಯಿಂದ ಕಿತ್ತು ಎಸೆಯಬೇಕು ಅನಿಸಿತು. ಎಸೆಯಲಿಲ್ಲ, ಮುಂದಿನದನ್ನು ಒತ್ತಿದ.

ಐದನೇ ಪ್ರಯತ್ನ. "ನಾಲ್ಕು ಸಾಲು. ನಾಲ್ಕೇ ಸಾಲು ಕಣೇ. ನಾಯಿಗೆ ಹೇಳ್ಕೊಟ್ಟಿದ್ರೂ ಇಷ್ಟೊತ್ತಿಗೆ ಓದ್ತಿತ್ತು."

ಏಳನೇದು. ಮೂಗು ಏರಿಸುವ ಸದ್ದು. "ಅತ್ತರೆ ಇನ್ನೂ ಹತ್ತು ಸಲ ಓದಿಸ್ತೀನಿ. ಒರೆಸ್ಕೋ. ಮೊದಲಿಂದ."

ಒಂಬತ್ತನೇದರಲ್ಲಿ ಅವನು ಕೂಗಾಡಿರಲಿಲ್ಲ. ನಿಲ್ದಾಣದಲ್ಲಿ ಮಾತಾಡುವ ಅದೇ ದನಿ, ಒಂದೊಂದು ಪದವನ್ನೂ ಬಿಡಿಸಿ, ಸ್ಪಷ್ಟವಾಗಿ, ಆತುರವಿಲ್ಲದೆ ಹೇಳಿತು. "ನಿನ್ನಿಂದ ನಾನು ಹತ್ತು ಜನರ ಮುಂದೆ ತಲೆ ತಗ್ಗಿಸಬೇಕು. ನಿನ್ನಂಥ ಮಗಳು ಯಾರಿಗೂ ಬೇಡ."

ಆಮೇಲೆ ಎಲ್ಲೋ ನೀರು ತೊಟ್ಟಿಕ್ಕುವುದು ಮಾತ್ರ ಕೇಳುತ್ತಿತ್ತು, ಅವರ ಮನೆಯ ಅಡುಗೆಮನೆಯ ನಲ್ಲಿ. ಆ ಸದ್ದನ್ನೂ ಮಿಸ್ ಕೇಳಿದ್ದಾರೆ.

ಹನ್ನೊಂದನೆಯದರಲ್ಲೂ ತಪ್ಪಿತ್ತು, ಅದನ್ನೂ ಅಳಿಸಿದ್ದ. ಕೊನೆಗೆ ಕಳಿಸಿದ್ದರಲ್ಲಿ ಪುಟ್ಟಿ ನಾಲ್ಕು ಸಾಲನ್ನೂ ಉಸಿರು ತೆಗೆದುಕೊಳ್ಳದೆ, ಏರಿಳಿತವಿಲ್ಲದೆ ಓದಿ ಮುಗಿಸಿ, "ಸರಿಯಾಯ್ತಾ ಅಪ್ಪ?" ಎಂದು ಕೇಳಿದ್ದಳು. ಅವನು, "ನೋಡು, ಬರುತ್ತೆ. ಮನಸ್ಸು ಮಾಡ್ಬೇಕಷ್ಟೇ," ಎಂದಿದ್ದ. ಇದಕ್ಕೆ ಮೂರು ನಕ್ಷತ್ರ ಬಿದ್ದಿತ್ತು. ಇದಕ್ಕೇ ಅವನು ಎಲ್ಲರಿಗೂ ಟೀ ಕೊಡಿಸಿದ್ದು.

ನಾಚಿಕೆ ಎಂದರೆ ಮುಖ ಬಿಸಿಯಾಗುವುದು ಎಂದು ಅವನು ಅಲ್ಲಿಯವರೆಗೆ ತಿಳಿದಿದ್ದ. ಅಂಥದ್ದೇನೂ ಆಗಲಿಲ್ಲ. ಇಸ್ತ್ರಿ ಹಾಕಿದ ಅಂಗಿ ಬೇರೆ ಯಾರದ್ದೋ ಅನಿಸಿತು. ಭೂಮಿ ಬಾಯಿಬಿಟ್ಟರೆ ಇಳಿದುಹೋಗೋಣ ಎಂದು ಕಾದ. ಅದು ಬಾಯಿಬಿಡಲಿಲ್ಲ, ಅವನು ಆ ಪುಟ್ಟ ಕುರ್ಚಿಯಲ್ಲೇ ಕೂತಿರಬೇಕಾಯಿತು.

ಮಿಸ್ ಒಳಗೆ ಬಂದಾಗ ಅವನು ಟ್ಯಾಬಿನಿಂದ ಕಣ್ಣೆತ್ತಲಿಲ್ಲ. "ಎಲ್ಲಾ ಕೇಳಿದೀರಾ?"

"ಕೇಳಿದೆ ಸರ್. ಮಂಗಳವಾರ ಆದ್ಮೇಲೆ ಕೂತು ಎಲ್ಲಾನೂ ಕೇಳಿದೆ. ಮೊದಲೇ ಕೇಳ್ಬೇಕಿತ್ತು." ಅವರು ಟ್ಯಾಬನ್ನು ತಮ್ಮ ಕಡೆ ಎಳೆದುಕೊಂಡರು. "ಮೂವತ್ತೆಂಟು ಮಕ್ಕಳು ಅಂತ ನೆವ ಹೇಳ್ಕೊಂಡು ನಕ್ಷತ್ರ ಮಾತ್ರ ನೋಡ್ತಿದ್ದೆ. ಆ ಪಟ್ಟಿ ಹಾಕ್ತಿದ್ದವಳೂ ನಾನೇ. ಇನ್ಮೇಲೆ ಹಾಕಲ್ಲ."

ಇವರು ಚೆನ್ನಾಗಿ ಬೈದಿದ್ದರೆ ಆಗುತ್ತಿತ್ತು ಅನಿಸಿತು ಅವನಿಗೆ. ಬೈದಿದ್ದರೆ ತಿರುಗಿ ಏನಾದರೂ ಅನ್ನಬಹುದಿತ್ತು. ಒಂದು ದಿನವೂ ಹೊಡೆದಿಲ್ಲ ಎಂದು ಹೇಳಲು ಬಾಯಿ ತೆರೆದ, ಒಂಬತ್ತನೆಯದು ನೆನಪಾಗಿ ಮುಚ್ಚಿದ. ಆಮೇಲೆ ಬಾಯಿಂದ ಬಂದದ್ದು ಇನ್ನೂ ಕೆಟ್ಟದ್ದು.

"ಅವಳಮ್ಮನಿಗೆ ಹೇಳ್ಬೇಡಿ ಮಿಸ್. ದಯವಿಟ್ಟು."

"ಅದನ್ನ ನೀವೇ ಹೇಳೋದು ಒಳ್ಳೇದು ಸರ್," ಎಂದರು ಮಿಸ್ ಮೆಲ್ಲಗೆ. "ನನಗೆ ಬೇಕಾಗಿರೋದು ಒಂದೇ. ಅವಳು ಮತ್ತೆ ಬಾಯಿಬಿಟ್ಟು ಓದ್ಬೇಕು. ತಪ್ಪು ತಪ್ಪಾಗಿಯಾದ್ರೂ ಓದ್ಲಿ. ಒಂದು ನಕ್ಷತ್ರ ಬಂದ್ರೂ ಕಳಿಸಿಬಿಡಿ."

ನಿಲ್ದಾಣಕ್ಕೆ ವಾಪಸು ಬಂದಾಗ ಕಂಡಕ್ಟರ್ ಬಾಗಿಲಲ್ಲೇ ಹಿಡಿದ. "ಏನಂದ್ರು? ಬಹುಮಾನನಾ?" ಅವನು "ಹೂಂ, ಚೆನ್ನಾಗಿ ಓದ್ತಾಳಂತೆ" ಎಂದ. ಅಷ್ಟು ಕೇಳಿಯೂ ನಾಲಿಗೆಗೆ ಸುಳ್ಳು ಎಷ್ಟು ಸಲೀಸಾಗಿ ಬಂತು ಎಂದು ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಮಧ್ಯಾಹ್ನವಿಡೀ ಮೈಕಿನ ಗುಂಡಿ ಒತ್ತಿದಾಗೆಲ್ಲ ಅವನ ಬೆರಳು ಹಿಂದೆ ಸರಿಯುತ್ತಿತ್ತು. ಮೆತ್ತಗಿನ ಆ ದನಿ ಹೊರಗೆ ಕಂಬಕಂಬದಿಂದ ಮೊಳಗಿ ಬಂದು ತನ್ನ ಕಿವಿಗೇ ಬೀಳುವಾಗ, ಅದನ್ನು ಕೇಳಿ ಸಮಾಧಾನಪಟ್ಟುಕೊಳ್ಳುವ ಜನರೆಲ್ಲ ಮೋಸಹೋಗುತ್ತಿದ್ದಾರೆ ಅನಿಸಿತು.

ಮನೆಗೆ ಹೋಗುವ ದಾರಿಯುದ್ದಕ್ಕೂ ಮಗಳಿಗೆ ಹೇಳಬೇಕಾದ ಮಾತನ್ನು ಕಟ್ಟಿದ, ಬಿಚ್ಚಿದ. ಎಲ್ಲದಕ್ಕೂ ಅವನ ಹತ್ತಿರ ಸಿದ್ಧವಾದ ವಾಕ್ಯವಿರುತ್ತಿತ್ತು, ಬಸ್ಸು ತಡವಾದರೆ ಒಂದು, ರದ್ದಾದರೆ ಒಂದು, ಮಗು ತಪ್ಪಿಸಿಕೊಂಡರೆ ಒಂದು. ಇದಕ್ಕೆ ಒಂದೂ ಇರಲಿಲ್ಲ.

ಪಕ್ಕದ ಮನೆಯ ಅತ್ತೆಯ ಹತ್ತಿರ ಆಡುತ್ತಿದ್ದ ಪುಟ್ಟಿಯನ್ನು ಕರೆತಂದು ಹಾಲು ಕೊಟ್ಟ. ಅವಳು ಕುಡಿದು, ಲೋಟ ತೊಳೆದಿಟ್ಟು, ಯಾರೂ ಹೇಳದೆಯೇ ಅಪ್ಪನ ಮೊಬೈಲು ತೆಗೆದುಕೊಂಡು ಬಂದು ಚಾಪೆಯ ಮೇಲೆ ಕೂತಳು. ಆರು ಗಂಟೆಯಾಗಿತ್ತು.

"ಇವತ್ತು ಬೇಡ ಬಿಡು ಪುಟ್ಟಿ."

"ಬೇಡ ಅಂದ್ರೆ ಹೇಗಪ್ಪಾ? ನಾಳೆ ಶನಿವಾರ," ಎಂದಳು ಅವಳು. "ಕೆಳಗೆ ಹೋಗ್ಬಿಡ್ತೀನಿ." ಕೆಂಪು ಗುಂಡಿ ಒತ್ತಿಯೂಬಿಟ್ಟಳು.

ಇವತ್ತಿನದು ಇರುವೆ ಸಕ್ಕರೆ ಹೊತ್ತೊಯ್ಯುವ ಪುಟ. ಎರಡನೇ ಪದಕ್ಕೇ ಎಡವಿದಳು, ನಿಂತಳು. ಅವನು ಪಕ್ಕದಲ್ಲಿ ಕೂತು, ತನಗೆ ಸಾಧ್ಯವಾದಷ್ಟು ಮೆತ್ತಗೆ, "ಪರವಾಗಿಲ್ಲ ಮರೀ, ನಿಧಾನವಾಗಿ ಓದು," ಎಂದ.

ಪುಟ್ಟಿಯ ಹೆಗಲು ಎರಡೂ ಕಿವಿಯವರೆಗೆ ಮೇಲೆ ಹೋದವು. ಅವನಿಗೆ ಅರ್ಥವಾಯಿತು. ಕೂಗಾಟಕ್ಕೆ ಅವಳು ಒಗ್ಗಿಹೋಗಿದ್ದಾಳೆ, ಮೆತ್ತಗಿನ ಈ ದನಿಯೇ ಅವಳಿಗೆ ಹೆಚ್ಚು ಭಯ. ಎಲ್ಲಕ್ಕಿಂತ ಕೆಟ್ಟ ಮಾತು ಬಂದಿದ್ದು ಇದೇ ದನಿಯಲ್ಲಿ. ಇನ್ನು ಯಾವ ದನಿಯಲ್ಲಿ ಮಾತಾಡುವುದು ಎಂದು ತಿಳಿಯದೆ ಅವನು ಸುಮ್ಮನಾದ.

ಅವಳು ಸ್ವಲ್ಪ ಹೊತ್ತು ಕಾದಳು. ಆಮೇಲೆ ಮೊಬೈಲನ್ನು ಎರಡೂ ಕೈಯಲ್ಲಿ ಹಿಡಿದು, ಕೆಳಗಡೆ ದನಿ ಹೋಗುವ ತೂತಿನ ಮೇಲೆ ಹೆಬ್ಬೆರಳು ಗಟ್ಟಿಯಾಗಿ ಒತ್ತಿಟ್ಟು ಪಿಸುಗುಟ್ಟಿದಳು. "ಈಗ ಬೈ ಅಪ್ಪ. ಮಿಸ್ಸಿಗೆ ಕೇಳಿಸಲ್ಲ."

"ಪುಟ್ಟೀ..."

"ಮಿಸ್ ನಿನ್ನೆ ನನ್ನ ಕೇಳಿದ್ರು, ಮನೇಲಿ ಯಾರಮ್ಮ ಹಾಗೆ ಬೈಯೋದು ಅಂತ. ಒಂದ್ಸಲ ನೀನು ಅಳಿಸೋದು ಮರ್ತಿದ್ದೆ ಅನ್ಸುತ್ತೆ. ನಾನು ಹೇಳ್ಲಿಲ್ಲ. ಅದು ನಮ್ಮಪ್ಪ ಅಲ್ಲ ಅಂದೆ. ನಮ್ಮಪ್ಪ ಯಾರಿಗೂ ಬೈಯಲ್ಲ ಅಂದೆ." ಅವಳ ಮುಖದಲ್ಲಿ ದೊಡ್ಡ ಕೆಲಸ ಮಾಡಿ ಮುಗಿಸಿದವರ ಸಮಾಧಾನವಿತ್ತು. "ಅವರು ನಂಬಿದ್ರು ಅಪ್ಪ."

ಮಿಸ್ ಎದುರಿಗೆ ಅಳಲಿಲ್ಲ, ಮೈಕಿನ ಮುಂದೆ ಅಳಲಿಲ್ಲ, ಈಗ ತಡೆಯಲಾಗಲಿಲ್ಲ. ಅವನು ಆ ಪುಟ್ಟ ಹೆಬ್ಬೆರಳನ್ನು ಹಿಡಿದು ಪಕ್ಕಕ್ಕೆ ಸರಿಸಿದ. ಬಾಗಿ, ಮೊಬೈಲಿಗೆ ಬಾಯಿ ಹತ್ತಿರ ತಂದು, ಯಾವ ದನಿಯಲ್ಲಿ ಬಂತೋ ಆ ದನಿಯಲ್ಲಿ ಹೇಳಿದ. "ಮಿಸ್, ಅವಳು ನಿಮಗೆ ಸುಳ್ಳು ಹೇಳಿದ್ದು ನನ್ನನ್ನ ಉಳಿಸೋಕೆ. ಅದು ನಾನೇ. ದಿನಾ ನಾನೇ ಬೈತಿದ್ದೆ. ಅವಳದ್ದೇನೂ ತಪ್ಪಿಲ್ಲ."

ಪುಟ್ಟಿ ಗಾಬರಿಯಿಂದ ಕಣ್ಣು ಅಗಲಿಸಿದಳು. "ಅಯ್ಯೋ, ಯಾಕಪ್ಪ ಹೇಳ್ದೆ? ಮಿಸ್ ನಿನ್ನ ಬೈತಾರೆ!" ಅವನು ತಡೆಯುವಷ್ಟರಲ್ಲಿ ಮೊಬೈಲನ್ನು ಕಿತ್ತುಕೊಂಡು, ತಿರುಗಿ ಕೂತು, ಕಸದ ಬುಟ್ಟಿಯ ಮೇಲೆ ಬೆರಳು ಒತ್ತಿದಳು. ಒಂದು ಸಲ ಸಾಲದು ಎಂಬಂತೆ ಇನ್ನೊಂದು ಸಲ ಒತ್ತಿದಳು.

"ಅಳಿಸ್ಬಿಟ್ಟೆ," ಎಂದು ಅವನ ಮೊಣಕಾಲು ತಟ್ಟಿದಳು. "ಯಾರಿಗೂ ಕೇಳಿಸಲ್ಲ. ನೀನು ಹೆದರ್ಕೋಬೇಡ ಅಪ್ಪ."

ಆಮೇಲೆ ಮೂಗು ಒರೆಸಿಕೊಂಡು, ಬೆನ್ನು ನೆಟ್ಟಗೆ ಮಾಡಿ, ಮೊದಲಿಂದ ಓದಲು ಶುರುಮಾಡಿದಳು.